ಅತ್ತಿಮರದ ಗಂಡುನೊಣ

ನನ್ನ ಸೋದರಮಾವ ನನಗಿಂತ ಏಳೆಂಟು ವರ್ಷ ದೊಡ್ಡವನು, ಅವ್ವನ ಕೊನೆಯ ತಮ್ಮ. ದೇವನೂರಿನ ಹತ್ತಿರದ ಹಳ್ಳಿಯಲ್ಲಿ ಅಜ್ಜಿಯ ಜೊತೆ ಇದ್ದು ಹೊಲ ನೋಡಿಕೊಳ್ಳುತ್ತಿದ್ದ. ಎಪ್ಪತ್ತರ ದಶಕದ ಕೊನೆಗೆ ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಹಣ್ಣುನೊಣಗಳ ಮೇಲೆ ಸಂಶೋಧನೆಗೆ ಸೇರಿಕೊಂಡೆ. ಅಷ್ಟು ಓದಿ ನೊಣ ಹೊಡೆಯೋ ಕೆಲಸ ಸಿಕ್ಕಿತಲ್ಲ ಎಂದು ಕಡೂರಿನ ನಮ್ಮ ಮನೆಯಲ್ಲಿ, ಬೀದಿಯಲ್ಲಿ ಎಲ್ಲರೂ ನಕ್ಕರು. ನಗದವನು ಮಾವ ಒಬ್ಬನೇ. ನೊಣ ಎಲ್ಲಿ ಸಿಗುತ್ತವೆ, ಹೇಗೆ ಹಿಡಿಯುತ್ತಾರೆ ಎಂದು ಕೇಳಿದ. ಕೊಳೆತ ಹಣ್ಣಿರುವ ನೆರಳಿನ ಜಾಗ ಬೇಕು ಎಂದೆ. ತನ್ನ ಹೊಲದ ಬದುವಿನ ಮೇಲೆ ದೊಡ್ಡ ಅತ್ತಿಮರವಿದೆ, ಅದರ ಬುಡದಲ್ಲಿ ಕಾಲಿಟ್ಟರೆ ಹಣ್ಣು ಪಚ್ಚೆನ್ನುತ್ತದೆ, ಬಂದು ನೋಡು ಎಂದ.

ರಜೆಗೆ ಬಂದಾಗಲೆಲ್ಲ ಹೋಗುತ್ತಿದ್ದೆ. ಹಾಲಿನ ಬಾಟಲಿಗಳಿಗೆ ಕಿವುಚಿದ ಬಾಳೆಹಣ್ಣು ಹಾಕಿ, ಮೇಲೆ ಒಂದಿಷ್ಟು ಯೀಸ್ಟ್ ಉದುರಿಸಿ ಕೊಟ್ಟರೆ ಮಾವ ಅವನ್ನು ಗಿಡದ ಕೊಂಬೆಗಳಿಗೆ ದಾರದಿಂದ ಕಟ್ಟುತ್ತಿದ್ದ. ಮಾರನೆಯ ಬೆಳಿಗ್ಗೆ ಬಿಸಿಲೇರುವ ಮೊದಲು ಸದ್ದಿಲ್ಲದೆ ಹೋಗಿ ಬಾಟಲಿಯ ಬಾಯಿಗೆ ಹತ್ತಿ ತುರುಕಬೇಕು. ಸ್ವಲ್ಪ ತಡವಾದರೂ ನೊಣ ಹಾರಿಬಿಡುತ್ತವೆ. ಅವನ ಕೈ ನನ್ನ ಕೈಗಿಂತ ಚುರುಕಾಗಿತ್ತು. ಅಕ್ಕನ ಮಗಳ ಹಿಂದೆ ನೊಣ ಹಿಡಿಯುತ್ತಾ ತಿರುಗುತ್ತಾನೆ ಎಂದು ಊರವರು ಆಡಿಕೊಂಡರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಮ್ಮೆ ನಾನು ಬಿಡಿಸಿದ ಚಿತ್ರಗಳನ್ನು ಅವನಿಗೆ ತೋರಿಸಿದೆ. ಈ ಜಾತಿಯ ಹೆಣ್ಣುಗಳೆಲ್ಲ ಒಂದೇ ಥರ ಕಾಣುತ್ತವೆ, ಗಂಡಿನ ಹಿಂಭಾಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಯಾವ ಪ್ರಭೇದವೆಂದು ಗೊತ್ತಾಗುವುದು ಎಂದು ವಿವರಿಸಿದೆ. ಅವನು ಚಿತ್ರವನ್ನು ತುಂಬ ಹೊತ್ತು ನೋಡಿ, ಕೊಂಡಿಯ ಹಾಗಿದೆ ಎಂದ. ನಿಜಕ್ಕೂ ಕೊಂಡಿಯ ಹಾಗೇ ಇತ್ತು.

ಆ ಅತ್ತಿಮರದ ಬುಡದಲ್ಲೇ ಹೊಸದು ಸಿಕ್ಕಿತು. ಹಳದಿ ಮೈ, ರೆಕ್ಕೆಯ ತುದಿಯಲ್ಲಿ ಹೊಗೆ ಬಣ್ಣದ ಚುಕ್ಕೆ, ಗಂಡಿನ ಮುಂಗಾಲಿನಲ್ಲಿ ಕರಿಯ ಬಾಚಣಿಗೆಯಂಥ ಕೂದಲಸಾಲು. ಇಡೀ ನೊಣ ಎಳ್ಳುಕಾಳಿನಷ್ಟು ಉದ್ದ. ಮೈಸೂರಿನಲ್ಲಿ ನಮ್ಮ ಗೈಡು ಮೂರು ದಿನ ಪುಸ್ತಕಗಳನ್ನು ತಿರುವಿ ಹಾಕಿದರು. ಇಂಥದ್ದನ್ನು ಯಾರೂ ವರ್ಣಿಸಿದಂತಿಲ್ಲ, ಆದರೆ ಕೈಯಲ್ಲಿರುವುದು ಎರಡೇ ಗಂಡು, ಒಂದಿಷ್ಟು ಹೆಣ್ಣು, ಇಷ್ಟನ್ನೇ ನಂಬಿ ಬರೆದರೆ ಜನ ನಗುತ್ತಾರೆ, ಅದೇ ಜಾಗದಿಂದ ಇನ್ನಷ್ಟು ತಾ ಎಂದರು. ಬಾಟಲಿಯಲ್ಲಿ ಸಾಕಲು ಬಿಟ್ಟ ಹೆಣ್ಣುಗಳು ಮೊಟ್ಟೆಯಿಟ್ಟವು. ಆದರೆ ಆ ಬೇಸಿಗೆಯ ಸೆಕೆಗೆ ಮರಿಹುಳುಗಳೆಲ್ಲ ಸತ್ತು ಗಾಜಿಗೆ ಅಂಟಿಕೊಂಡವು.

ಯುಗಾದಿಗೆ ಮನೆಗೆ ಬಂದೆ. ಅಜ್ಜಿಯೂ ಮಾವನೂ ಬಂದಿದ್ದರು. ಊಟವಾದ ಮೇಲೆ ಅಜ್ಜಿ, ಇನ್ನೂ ಎಷ್ಟು ದಿನ ಇವರಿಬ್ಬರನ್ನು ಹೀಗೆ ತಿರುಗಾಡಲು ಬಿಡುವುದು, ವೈಶಾಖದಲ್ಲಿ ಮದುವೆ ಮಾಡಿಬಿಡೋಣ ಎಂದಳು. ಅವ್ವ ತಲೆಯಾಡಿಸಿದಳು. ಅವರ ನಡುವೆ ಮಾತು ಮೊದಲೇ ಆಗಿತ್ತು. ನನ್ನನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಾನು ಆಗುವುದಿಲ್ಲ ಎಂದೆ. ಅವ್ವ ಅಲ್ಲೇ, ಎಲ್ಲರ ಮುಂದೆ, ಕೆನ್ನೆಗೆ ಹೊಡೆದಳು. ಮಾವ ಎದ್ದು ಹೊರಗೆ ಹೋದ. ನಾನು ಹಿಂದೆಯೇ ಹೋಗಿ, ನಿನ್ನನ್ನು ಹಾಗೆ ನೋಡಿಲ್ಲ ಮಾವ ಎಂದೆ.

ಅವನು ಸೈಕಲ್ಲಿನ ಚಕ್ರ ನೋಡುತ್ತಾ, "ಬಾಟ್ಲಿ ಕಟ್ಟಕ್ಕೆ ಮಾತ್ರ ಬೇಕಾಗಿದ್ನಾ?" ಎಂದ.

ಉತ್ತರಕ್ಕೆ ಕಾಯದೆ ಸೈಕಲ್ಲು ತಳ್ಳಿಕೊಂಡು ಬೀದಿಗಿಳಿದ.

ತಮ್ಮನಿಗೆ ಕೊಡದಿದ್ದರೆ ಬೇರೆ ಯಾರಿಗಾದರೂ ಕೊಟ್ಟು ಕಳಿಸಬೇಕೆಂದು ಅವ್ವ ಹಟ ಹಿಡಿದಳು. ಅಪ್ಪ ಗೂಡ್ಸ್ ಶೆಡ್ಡಿನ ಗುಮಾಸ್ತ. ಮನೆಯಲ್ಲಿ ಅವರ ಮಾತು ನಡೆದದ್ದು ಕಡಿಮೆ. ಅಜ್ಜಂಪುರದಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಒಂದು ಮನೆಯವರು ನೋಡಲು ಬಂದರು. ಹುಡುಗ ಪದವೀಧರ, ಸಂಕೋಚದವನು. ನನ್ನ ಓದು ಮುಂದುವರಿಸಲು ಅವನ ಅಡ್ಡಿಯಿಲ್ಲ ಎಂದು ಅವರೇ ಹೇಳಿದರು. ಸೋದರಮಾವ ಇಲ್ಲದೆ ಮಾತುಕತೆ ಆಗುವಂತಿಲ್ಲ, ಹಾಗಾಗಿ ಅವನನ್ನೂ ಕರೆಸಿದ್ದರು. ಬಿಳಿಪಂಚೆ ಉಟ್ಟು ಬಂದು, ಬಂದವರಿಗೆಲ್ಲ ತಾನೇ ಕಾಲಿಗೆ ನೀರು ಕೊಟ್ಟಿದ್ದ.

ಉಪ್ಪಿಟ್ಟಿನ ತಟ್ಟೆಗಳು ಬಂದ ಮೇಲೆ ಹುಡುಗನ ದೊಡ್ಡಪ್ಪ, ಹುಡುಗಿ ಓದುತ್ತಿರುವುದು ಏನು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಶುರು ಮಾಡಿದ.

"ದೊಡ್ಡ ಓದು ಕಣ್ರೀ. ಗಂಡುನೊಣ ಹಿಡಿದು ಸಾಯಿಸ್ತಾಳೆ. ಅದರ ಹಿಂದ್ಗಡೆ ಬಿಡಿಸಿ, ಗಂಡಸ್ತನ ಹೆಂಗೈತೆ ಅಂತ ದುರ್ಬೀನಲ್ಲಿ ನೋಡಿ ಚಿತ್ರ ಬರೀತಾಳೆ. ನಾನೇ ನೋಡಿದೀನಿ. ನಿಮ್ಮ ಹುಡುಗನ್ನೂ ಹಂಗೇ ನೋಡ್ತಾಳೋ ಏನೋ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬೆಳೆಯ ವಿಷಯ ಹೇಳುವ ಹಾಗೆ ಹೇಳಿದ. ಒಬ್ಬರು ಫಕ್ಕನೆ ನಕ್ಕರು. ಆಮೇಲೆ ಇನ್ನೊಬ್ಬರು. ಹುಡುಗ ತಲೆ ತಗ್ಗಿಸಿದ. ಅವನ ತಾಯಿ ತಟ್ಟೆಯನ್ನು ಚಾಪೆಯ ಮೇಲಿಟ್ಟು ನನ್ನನ್ನು ನೋಡಿ, ಇದು ನಿಜವೇನಮ್ಮ ಎಂದು ಕೇಳಿದಳು. ಅದು ಪಾಠದ ಭಾಗ, ಹಾಗೆ ಮಾಡದೆ ಜಾತಿ ಗುರುತಿಸಲು ಬರುವುದಿಲ್ಲ ಎಂದು ಹೇಳಲು ಹೊರಟೆ. ಅರ್ಧಕ್ಕೇ ನಿಲ್ಲಿಸಿದೆ. ಆ ಕೋಣೆಯಲ್ಲಿ ಆ ಮಾತು ಎಷ್ಟು ವಿವರಿಸಿದರೂ ಇನ್ನಷ್ಟು ಹೊಲಸಾಗುತ್ತಿತ್ತು. ನಿಜ ಎಂದಷ್ಟೇ ಹೇಳಿದೆ. ಅವರು ಸಂಜೆಯ ರೈಲಿಗೆ ಹೊತ್ತಾಯಿತೆಂದು ಎದ್ದರು.

ಅವ್ವ ಆ ದಿನ ಹೊಡೆಯಲಿಲ್ಲ. ಪಾತ್ರೆ ತೊಳೆಯುತ್ತಾ ನನ್ನ ಕಡೆ ತಿರುಗದೆ, "ಇನ್ಮೇಲೆ ಆ ಕೈಯಲ್ಲಿ ಲಿಂಗ ಮುಟ್ಬೇಡ," ಎಂದಳು. ಚಿಕ್ಕಂದಿನಿಂದ ಕೊರಳಲ್ಲಿದ್ದ ಇಷ್ಟಲಿಂಗವನ್ನು ಬೆಳಗ್ಗೆ ಎದ್ದು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುವುದು ನಮ್ಮ ಮನೆಯ ಪದ್ಧತಿ. ಮರುದಿನ ನಾನು ಕುಳಿತಾಗ ಅವ್ವ ವಿಭೂತಿಯ ಗಟ್ಟಿಯನ್ನು ನನ್ನ ಮುಂದಿನಿಂದ ಎತ್ತಿಕೊಂಡು ಹೋದಳು. ವಾರ ಕಳೆದ ಮೇಲೆ ನಾನು ನೊಣ ಸಾಯಿಸಲು ಬಳಸುವ ಈಥರ್ ಸೀಸೆಯನ್ನೂ ಬಲೆಯನ್ನೂ ಚೀಲಕ್ಕೆ ತುಂಬಿ ದೇವನೂರಿನ ಬಸ್ಸು ಹತ್ತಿದೆ. ಮದುವೆ ಏನಾದರಾಗಲಿ, ಇನ್ನಷ್ಟು ಗಂಡುನೊಣಗಳು ನನಗೆ ಬೇಕಾಗಿದ್ದವು.

ಹೊಲದ ಹತ್ತಿರ ಹೋಗುವವರೆಗೂ ನನಗೆ ಗೊತ್ತಾಗಲಿಲ್ಲ. ದೂರದಿಂದ ಕಾಣಬೇಕಾದ ಮರ ಕಾಣದೆ, ದಾರಿ ತಪ್ಪಿದೆನೇನೋ ಅಂದುಕೊಂಡೆ. ಬದುವಿನ ಮೇಲೆ ಬುಡದ ಕೊರಡು ಮಾತ್ರ ಉಳಿದಿತ್ತು. ಹಸಿಹಸಿಯಾಗಿ ಬಿಳಿ ಹಾಲು ಒಸರುತ್ತಿತ್ತು. ಕೊಂಬೆ, ಎಲೆ, ನೆಲಕ್ಕೆ ಬಿದ್ದ ಹಣ್ಣು ಎಲ್ಲವನ್ನೂ ಗುಡಿಸಿ ರಾಶಿ ಹಾಕಿ ಸುಟ್ಟಿದ್ದರು. ದೇವರ ಮರವೆಂದು ಅತ್ತಿಮರಕ್ಕೆ ಆ ಕಡೆ ಯಾರೂ ಕೊಡಲಿ ಹಾಕುವುದಿಲ್ಲ. ಕೂಲಿಯವರು ಒಪ್ಪದೆ ಹೋದದ್ದರಿಂದ ತಾನೇ ಕಡಿದೆ ಎಂದು ಅಲ್ಲೇ ಇದ್ದ ಮಾವ ಹೇಳಿದ. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಅತ್ತಿ ಇರುವ ಕಡೆ ನೀರಿರುತ್ತದೆ, ಬಾವಿ ತೋಡಿಸುತ್ತೇನೆ ಎಂದ.

ನಾನು ಬೂದಿಯ ಸುತ್ತ ಬಲೆ ಬೀಸಿದೆ. ಮನೆನೊಣ ಬಿಟ್ಟು ಬೇರೇನೂ ಬೀಳಲಿಲ್ಲ. ಅವನು ಕೊರಡಿನ ಮೇಲೆ ಕುಳಿತು ನೋಡುತ್ತಿದ್ದ.

"ಹುಡುಕು ಕಣೇ," ಎಂದ. "ಒಂದಾದ್ರೂ ಉಳ್ಕಂಡೈತಾ ನೋಡು."

ಅಳಬಾರದೆಂದುಕೊಂಡಿದ್ದೆ. ಅವನ ಎದುರೇ ಅತ್ತುಬಿಟ್ಟೆ. ಅವನು ಎದ್ದು ಬಂದು ಸಮಾಧಾನ ಮಾಡುತ್ತಾನೆಂದು ಒಂದು ಗಳಿಗೆ ಅನಿಸಿತು. ಅವನು ಬೀಡಿ ಹಚ್ಚಿಕೊಂಡ.

ಮೈಸೂರಿಗೆ ಹೋಗಿ ಗೈಡಿಗೆ ಮರ ಹೋದ ಸುದ್ದಿ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, ಇನ್ನು ಇದ್ದುದರಲ್ಲೇ ಬರೆಯಬೇಕು ಎಂದರು. ಇದ್ದ ಎರಡು ಗಂಡುಗಳಲ್ಲಿ ಒಂದನ್ನು ಕ್ಷಾರದಲ್ಲಿ ಕುದಿಸಿ, ಹಿಂಭಾಗವನ್ನು ಸೂಜಿಯಲ್ಲಿ ಬಿಡಿಸಿ, ಲವಂಗದೆಣ್ಣೆಯ ಹನಿಯಲ್ಲಿಟ್ಟು ಚಿತ್ರ ಬರೆದೆ. ಇನ್ನೊಂದನ್ನು ಇಡಿಯಾಗಿ ಒಣಗಿಸಿ ಕಾಗದದ ತುದಿಗೆ ಅಂಟಿಸಿ ಗುಂಡುಸೂಜಿ ಚುಚ್ಚಿದೆ. ಮುಂದೆ ಯಾರಿಗೇ ಅನುಮಾನ ಬಂದರೂ ಹೋಲಿಸಿ ನೋಡಬೇಕಾದ ಮೂಲಮಾದರಿ ಅದೇ. ಸೂಜಿ ಹಿಡಿದಾಗಲೆಲ್ಲ ಅಜ್ಜಂಪುರದವರ ನಗು ಕೇಳುತ್ತಿತ್ತು. ಸೂಜಿ ಜಾರಿ ಒಂದು ಕೊಂಡಿ ಮುರಿಯಿತು. ಇನ್ನೊಂದು ಬದಿಯದು ಸರಿಯಿದ್ದುದರಿಂದ ಅದನ್ನೇ ಬರೆದೆ. ರೆಕ್ಕೆಯ ಗೆರೆಗಳ ಅಳತೆ, ಬೆನ್ನಿನ ಕೂದಲುಗಳ ಸಾಲು, ಹೊಟ್ಟೆಯ ಪಟ್ಟೆ, ಸಿಕ್ಕಿದ ಜಾಗ, ಹಿಡಿದವರು. ಹಿಡಿದವರು ಎಂಬಲ್ಲಿ ನನ್ನ ಹೆಸರನ್ನು ಮಾತ್ರ ಬರೆದೆ. ಲೇಖನ ಅಚ್ಚಾದಾಗ ಗೈಡಿನ ಹೆಸರು ಮೊದಲಿತ್ತು, ನನ್ನದು ಆಮೇಲೆ. ಮನೆಗೆ ಒಂದು ಪ್ರತಿ ತಂದೆ. ಅಪ್ಪ ಚಿತ್ರ ನೋಡಿ ಮಡಿಚಿಟ್ಟರು. ಅವ್ವ ಮುಟ್ಟಲಿಲ್ಲ.

ನನಗೆ ಮತ್ತೆ ಸಂಬಂಧಗಳು ಬರಲಿಲ್ಲ. ಅಜ್ಜಂಪುರದಿಂದ ಆ ಮಾತು ಶಿವನಿ, ಬೀರೂರು ಎಲ್ಲ ಕಡೆ ಹೋಗಿತ್ತು. ಎಂಬತ್ತರ ದಶಕದ ಆರಂಭದಲ್ಲಿ ತರೀಕೆರೆಯಲ್ಲಿ ಉಪನ್ಯಾಸಕಿಯಾದೆ. ಒಂದು ಮಳೆಗಾಲ ವಿದ್ಯಾರ್ಥಿಗಳನ್ನು ಕರೆದುಕೊಂಡು ಊರಾಚೆಯ ಹಳ್ಳದ ಬದಿಗೆ ಹೋದೆ. ಅಲ್ಲೊಂದು ಅತ್ತಿಮರದ ಕೆಳಗೆ ಬಲೆ ಬೀಸಿದಾಗ ಅದೇ ನೊಣ ಬಿತ್ತು, ರೆಕ್ಕೆಯ ತುದಿಗೆ ಹೊಗೆಯ ಚುಕ್ಕೆ. ಒಂದೆರಡಲ್ಲ, ಹಿಡಿಗಟ್ಟಲೆ. ಮುಂದಿನ ಹಳ್ಳದಲ್ಲೂ ಇತ್ತು. ಅದು ಅಪರೂಪದ್ದೇ ಆಗಿರಲಿಲ್ಲ. ಯಾರೂ ನೋಡಿರಲಿಲ್ಲ, ಅಷ್ಟೆ.

ಕೆಲವು ವರ್ಷಗಳ ನಂತರ ತರೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಮಾವ ಎದುರಾದ. ಜೊತೆಗೆ ಹೆಂಡತಿ, ಅವಳ ಸೊಂಟದಲ್ಲಿ ಮಗು. ಮೈ ತುಂಬಿಕೊಂಡಿದ್ದ. ಬಾವಿಯಲ್ಲಿ ಒಳ್ಳೆಯ ನೀರು ಬಿದ್ದು ತೆಂಗಿನ ತೋಟ ಮಾಡಿದ್ದಾನೆಂದು ಕೇಳಿದ್ದೆ. ಇಬ್ಬರೂ ಮುಖ ತಿರುಗಿಸಲಾಗದಷ್ಟು ಹತ್ತಿರ ನಿಂತಿದ್ದೆವು. ಅವನು ಅವ್ವನ ಆರೋಗ್ಯ ಕೇಳಿದ. ನಾನು ಹೇಳಿದೆ. ಆಮೇಲೆ ಕೇಳದೆಯೇ ಇದನ್ನೂ ಹೇಳಿದೆ: "ಆ ನೊಣ ಸತ್ತಿಲ್ಲ ಮಾವ. ಇಲ್ಲಿ ಎಲ್ಲ ಹಳ್ಳದಲ್ಲೂ ಐತೆ."

ಅವನಿಗೆ ನೋವಾಗಲೆಂದೇ ಹೇಳಿದ್ದು. ಅವನು ಶಿವಮೊಗ್ಗದ ಬಸ್ಸು ಬರುವ ದಾರಿ ನೋಡಿದ.

"ಹಂಗಾದ್ರೆ ಮರ ಕಡಿದಿದ್ದು ದಂಡ ಅನ್ನು," ಎಂದ.

ಅವನ ಮುಖದಲ್ಲಿದ್ದದ್ದು ಪಶ್ಚಾತ್ತಾಪವಲ್ಲ. ಮಾಡಿದ ಕೆಲಸ ಪೂರ್ತಿಯಾಗಲಿಲ್ಲವಲ್ಲ ಎಂಬ ಬೇಸರ. ಇವರು ಯಾರು ಎಂದು ಹೆಂಡತಿ ಕೇಳಿದಳು. ಅಕ್ಕನ ಮಗಳು, ಕಾಲೇಜಲ್ಲಿ ಪಾಠ ಹೇಳುತ್ತಾಳೆ ಎಂದ. ಅವಳು ನಕ್ಕು, ಒಂದು ಸಲ ತೋಟಕ್ಕೆ ಬನ್ನಿ, ಎಳನೀರು ಕುಡಿದು ಹೋಗುವಿರಂತೆ ಎಂದು ಕರೆದಳು. ಬರುತ್ತೇನೆ ಎಂದೆ. ಬಸ್ಸು ಬಂತು. ಮಾವ ಮೊದಲು ಹತ್ತಿ ಕಿಟಕಿಯಿಂದ ಟವೆಲು ಹಾಕಿ ಹೆಂಡತಿಗೆ ಸೀಟು ಹಿಡಿದ. ನಾನು ಮನೆಯ ಕಡೆ ನಡೆದೆ.