ತಳ್ಳಲಾಗದ ಕಾರು

ಕಾರಿನ ಪರದೆಯಲ್ಲಿ ಚಾರ್ಜು ಶೇಕಡ ಆರು ಎಂದಿತ್ತೋ ಎಂಟು ಎಂದಿತ್ತೋ, ಈಗ ಖಾತ್ರಿಯಾಗಿ ಹೇಳಲಾರೆ. ಬೇರೆ ವಿವರಗಳೂ ನನ್ನ ನೆನಪಿನಲ್ಲಿ ತಪ್ಪಿರಬಹುದು. ಆದರೆ ಬೀಚನಹಳ್ಳಿಯ ನನ್ನ ಸೋದರಮಾವನ ಅಂಗಳಕ್ಕೆ ಪಕ್ಕದ ಗಿರಿಜನ ಹಾಡಿಯ ಮಾದಮ್ಮ ಏದುಸಿರು ಬಿಡುತ್ತ ಬಂದದ್ದಂತೂ ನಿಜ.

"ಅಣ್ಣ, ಮಗಳಿಗೆ ಹೆರಿಗೆ ನೋವು ಸುರುವಾಗ್ಯದೆ. ಕೋಟೆ ತಾಲೂಕಾಸ್ಪತ್ರೆಗೆ ಬಿಟ್ಕೊಡಿ."

ಹಾಡಿಯಲ್ಲಿ ಯಾರಿಗೇ ಕಾಯಿಲೆಯಾದರೂ ಮಾವನ ಹಳೇ ಜೀಪೇ ಗತಿಯಾಗಿತ್ತು. ಡೀಸೆಲ್ ಉಳಿಯುತ್ತದೆ, ಹೊಗೆಯಿಲ್ಲ, ಮನೆಯಲ್ಲೇ ಚಾರ್ಜ್ ಮಾಡಬಹುದು ಎಂದು ತಿಂಗಳುಗಟ್ಟಲೆ ಹೇಳಿ, ಅದನ್ನು ಮಾರಿಸಿ ಎಲೆಕ್ಟ್ರಿಕ್ ಕಾರು ಕೊಳ್ಳುವಂತೆ ಮಾಡಿದವಳು ನಾನು. ಖರ್ಚಿಲ್ಲವೆಂಬ ಹುರುಪಿನಲ್ಲಿ ಹಿಂದಿನ ದಿನ ಹುಣಸೂರು, ಪಿರಿಯಾಪಟ್ಟಣ ಸುತ್ತಿ ಬಂದು, ಚಾರ್ಜಿಗೆ ಹಾಕಲು ಮರೆತವಳೂ ನಾನೇ. ಬೆಳಿಗ್ಗೆ ನೆನಪಾಗುವಷ್ಟರಲ್ಲಿ ಕರೆಂಟು ಹೋಗಿತ್ತು.

ಮಾವ ಕಾರಿನ ಬಾಗಿಲು ತೆಗೆದು ಪರದೆ ನೋಡಿದರು. "ಅರ್ಧ ದಾರೀಲಿ ನಿಂತೋದ್ರೆ ಏನ್ ಮಾಡಾನವ್ವ? ಇರು, ಆಟೋ ಕರುಸ್ತೀನಿ."

"ಜೀಪಾಗಿದ್ರೆ ತಳ್ಳಾದ್ರೂ ಓಡುಸ್ತಿದ್ವು ಕಣಣ್ಣ. ಇದ್ನ ಎಲ್ಗಂಟ ತಳ್ಳಾನ?" ಎಂದಳು ಮಾದಮ್ಮ. ಜೀಪು ಸ್ಟಾರ್ಟ್ ಆಗದ ದಿನಗಳಲ್ಲಿ ಹಾಡಿಯವರೇ ನಗುತ್ತ ಅದನ್ನು ತಳ್ಳುತ್ತಿದ್ದರು.

ಆಟೋ ಬರುವುದು ತಡವಾಗಿ, ಹೆರಿಗೆ ದಾರಿಯಲ್ಲೇ ಆಯಿತು. ಪುಣ್ಯಕ್ಕೆ ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಕಾರೂ ಚೆನ್ನಾಗಿಯೇ ಓಡುತ್ತಿದೆ.

ಆದರೆ ಆಮೇಲೆ ಹಾಡಿಯಿಂದ ಯಾರೂ ಮಾವನ ಹತ್ತಿರ ಗಾಡಿ ಕೇಳಿಕೊಂಡು ಬಂದಿಲ್ಲ. "ನಾನು ಹಟ ಹಿಡೀದೆ ಇದ್ದಿದ್ರೆ ಜೀಪ್ ಇಟ್ಕೊತಿದ್ರಾ ಮಾವ?" ಎಂದು ಒಮ್ಮೆ ಕೇಳಿದೆ. ಅವರು ಎದ್ದು ಹೋಗಿ ಕಾರನ್ನು ಚಾರ್ಜಿಗೆ ಹಾಕಿ ಬಂದರು.