ಅಡ್ಡ ಸಾಲು, ಉದ್ದ ಸಾಲು

ಈಗಿನ ಕಂಪ್ಯೂಟರಿಗೆ ಬಹಳ ವಿನಯ. ನಾಲ್ಕು ಗ್ರಾಫುಗಳನ್ನು ಒಂದೇ ಹಾಳೆಯಲ್ಲಿ ಜೋಡಿಸು ಎಂದರೆ, ಅಡ್ಡಕ್ಕೆ ತುಂಬಲೋ ಉದ್ದಕ್ಕೆ ತುಂಬಲೋ ಎಂದು ಮೊದಲೇ ಕೇಳುತ್ತದೆ. ಇವತ್ತು ಬೆಳಿಗ್ಗೆಯೂ ಕೇಳಿತು. ಇದರಲ್ಲಿ ಹೆದರುವಂಥದ್ದೇನಿದೆ ಎಂದು ನೀವು ನಗಬಹುದು. ನಾನು ಮಾತ್ರ ಮೌಸ್ ಮೇಲಿಂದ ಕೈ ತೆಗೆದುಬಿಟ್ಟೆ.

ಇಪ್ಪತ್ತು ವರ್ಷಗಳ ಹಿಂದೆ ನಾನು ಆಲೂರಿನ ಒಂದು ಪುಟ್ಟ ಕಚೇರಿಯಲ್ಲಿದ್ದೆ. ಕಾಫಿ ಗಿಡದ ಕಾಂಡ ಕೊರೆಯುವ ಹುಳ ಯಾವ ತೋಟದಲ್ಲಿ ಎಷ್ಟಿದೆ ಎಂದು ಎಣಿಸಿ ತಂದು, ಗ್ರಾಫ್ ಮಾಡಿಕೊಡುವುದು ನನ್ನ ಕೆಲಸ. ಆಗ ಎಲ್ಲವನ್ನೂ ಸಾಲು ಸಾಲಾಗಿ ಬರೆದೇ ಕಂಪ್ಯೂಟರಿಗೆ ಹೇಳಬೇಕಿತ್ತು. ಹಾಳೆಯನ್ನು ಎರಡು ಭಾಗ ಮಾಡು, ಒಂದೊಂದು ಭಾಗದೊಳಗೆ ಮೇಲೆರಡು ಕೆಳಗೆರಡು ನಾಲ್ಕು ಮನೆ ಮಾಡು, ಒಂದೊಂದು ಮನೆಯೊಳಗೆ ಒಂದು ಗ್ರಾಫ್ ಇಡು. ಅಮ್ಮನ ಸ್ಟೀಲ್ ಡಬ್ಬಗಳ ಹಾಗೆ ಒಂದರೊಳಗೊಂದು. ಅದು ಮೊದಲ ಸಲ ಸರಿಯಾಗಿ ಕೂತಾಗ ನಾನು ಕಚೇರಿಯವರನ್ನೆಲ್ಲ ಕರೆದು ತೋರಿಸಿದ್ದೆ. ಯಾರಿಗೂ ಏನೂ ಅರ್ಥವಾಗಲಿಲ್ಲ, ಆದರೂ ಹೊಗಳಿದರು.

ಆ ಹಾಳೆ ಮಗ್ಗೆ ಕಡೆಯ ಒಂದು ಎಸ್ಟೇಟಿನದು. ಎಡಭಾಗ ಮೇಲಿನ ತೋಟ, ಬಲಭಾಗ ಕೆಳಗಿನ ತೋಟ, ಒಂದೊಂದರಲ್ಲಿ ನಾಲ್ಕು ಬ್ಲಾಕು. ಹುಳ ಅತಿ ಹೆಚ್ಚಿರುವ ಬ್ಲಾಕನ್ನು ಪೂರ್ತಿ ಕಿತ್ತು ಹೊಸ ಗಿಡ ಹಾಕುವುದೆಂದು ಸಾವ್ಕಾರರು ಕಾಯುತ್ತಿದ್ದರು. ಶನಿವಾರ ನಾನೇ ಹೋಗಿ ಹಾಳೆ ಕೊಟ್ಟೆ.

“ಹಲಸಿನಮರದ ಬ್ಲಾಕಾ? ನೋಡೋ ಚಂದ್ರಪ್ಪ, ಗೆರೆ ಎಷ್ಟು ಎತ್ತರಕ್ಕೆ ಹೋಗೈತೆ! ಸೋಮವಾರದಿಂದ್ಲೇ ಕಡಿಸಿಬುಡು,” ಎಂದರು ಸಾವ್ಕಾರರು.

ಚಂದ್ರಪ್ಪ ಎಸ್ಟೇಟಿನ ರೈಟರ್, ಲೆಕ್ಕ ಬರೆದು ಆಳುಗಳನ್ನು ನೋಡಿಕೊಳ್ಳುವವರು. ಆ ಬ್ಲಾಕಿನ ಗಿಡಗಳನ್ನು ನಿಂತು ನೆಡಿಸಿದವರು ಅವರೇ. ಹಾಳೆಯನ್ನು ನೋಡಿದರು, ತೋಟದ ಕಡೆ ನೋಡಿದರು, “ಆಯ್ತು ಸಾವ್ಕಾರ್ರೆ” ಎಂದರು.

ಸೋಮವಾರ ಬೆಳಿಗ್ಗೆ ಕಚೇರಿಯ ಗೋಡೆಗೆ ಅಂಟಿಸಿದ್ದ ಪ್ರತಿಯನ್ನು ಮೆಚ್ಚಿಕೊಳ್ಳುತ್ತ ಕಾಫಿ ಕುಡಿಯುತ್ತಿದ್ದೆ. ಶನಿವಾರ ಹೆಮ್ಮೆಯಲ್ಲಿ ಕಾಣದ್ದು ಆಗ ಕಣ್ಣಿಗೆ ಬಿತ್ತು. ಹಲಸಿನಮರದ ಬ್ಲಾಕು ದಟ್ಟ ನೆರಳಿನದು. ಅಲ್ಲಿ ನನಗೆ ಹುಳ ಸಿಕ್ಕಿದ್ದೇ ಅಪರೂಪ. ಹುಳ ಮುತ್ತಿದ್ದುದು ಬಿಸಿಲು ಬೀಳುವ ಗುಡ್ಡದ ಬ್ಲಾಕಿಗೆ. ಹೆಸರುಗಳನ್ನು ನಾನು ಅಡ್ಡ ಸಾಲಿನಲ್ಲಿ ಬರೆದಿದ್ದೆ. ಗ್ರಾಫುಗಳನ್ನು ಉದ್ದ ಸಾಲಿನಲ್ಲಿ ತುಂಬಲು ಹೇಳಿದ್ದೆ. ಎರಡನೆಯ ಮತ್ತು ಮೂರನೆಯ ಮನೆಗಳ ಗ್ರಾಫುಗಳು ಅದಲುಬದಲಾಗಿದ್ದವು.

ಎಸ್ಟೇಟಿಗೆ ಫೋನ್ ಮಾಡಿದರೆ ಲೈನ್ ಸತ್ತಿತ್ತು. ಸಿಕ್ಕಿದ ಬಸ್ಸು ಹತ್ತಿದೆ. ಅದು ಪ್ರತಿ ಮರದ ಬುಡದಲ್ಲೂ ನಿಂತಿತು. ಒಬ್ಬಾಕೆ ಹೂಕೋಸಿನ ಮೂಟೆ ಇಳಿಸಲು ತೆಗೆದುಕೊಂಡ ಹೊತ್ತಿಗೆ ನಾನು ಮನಸ್ಸಿನಲ್ಲೇ ಅರ್ಧ ತೋಟ ಕಡಿದು ಮುಗಿಸಿದ್ದೆ. ನಾನು ಬಸ್ಸಿಳಿದವಳೇ, ಒಂದು ಚಪ್ಪಲಿಯ ಉಂಗುಷ್ಠ ಕಿತ್ತುಹೋದರೂ ಅದನ್ನು ಅಲ್ಲೇ ಬಿಟ್ಟು ಓಡಿದೆ. ತೋಟದೊಳಗೆ ಕೊಡಲಿಯ ಸದ್ದಿರಲಿಲ್ಲ. ಮುಗಿದೇ ಹೋಯಿತೇನೋ ಎಂದುಕೊಂಡೆ.

ಚಂದ್ರಪ್ಪ ಕಡಿದ ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಾಂಡ ಸೀಳಿ ನೋಡುತ್ತಿದ್ದರು.

“ಹದಿನೇಳು ಗಿಡ ಹೋಯ್ತು. ಆಮ್ಯಾಕೆ ನಾನೇ ನಿಲ್ಲಿಸಿಬುಟ್ಟೆ ಕಣಮ್ಮ. ಒಂದ್ರೊಳಗೂ ಹುಳ ಇಲ್ಲ.”

“ನಿಮಗೆ ಮೊದಲೇ ಅನುಮಾನ ಬರಲಿಲ್ವಾ ಚಂದ್ರಪ್ಪ?”

“ಬಂದಿತ್ತು. ಕಂಪ್ಯೂಟರ್ನಾಗೆ ಬಂದೈತಲ್ಲ, ನಾನು ಹೆಂಗಮ್ಮ ಇಲ್ಲ ಅನ್ಲಿ?”

ಅಷ್ಟರಲ್ಲಿ ಸಾವ್ಕಾರರು ಬಂದರು. ನನ್ನ ಬಾಯಿಂದ ತಾನಾಗಿ ಹೊರಟಿದ್ದು, “ಕಂಪ್ಯೂಟರ್ ಏನೋ ತಪ್ಪು ಮಾಡಿಬಿಟ್ಟಿದೆ ಸಾರ್” ಎಂಬ ಮಾತು. ಅವರು ಕಂಪ್ಯೂಟರನ್ನು ಚೆನ್ನಾಗಿ ಬೈದರು. ನಾನೂ ತಲೆಯಾಡಿಸಿದೆ. ಚಂದ್ರಪ್ಪ ನನ್ನನ್ನೊಮ್ಮೆ ನೋಡಿ, ಸೀಳಿದ ಕಾಂಡಗಳನ್ನು ಒಟ್ಟುಮಾಡತೊಡಗಿದರು. ಬೆಳ್ಳಗಿನ, ತೂತೇ ಇಲ್ಲದ ಕಾಂಡಗಳು. ನನಗೆ ಇವತ್ತಿಗೂ ಅದರ ನಾಚಿಕೆ ಹೋಗಿಲ್ಲ.

ಅಂದಿನಿಂದ ಪ್ರತಿ ಮನೆಯೊಳಗೇ ಅದರ ಹೆಸರು ಬರೆಯುತ್ತೇನೆ, ಮೂರು ಸಲ ತಾಳೆ ನೋಡುತ್ತೇನೆ. ಆದರೂ ಹೆದರಿಕೆ ಹೋಗಿಲ್ಲ. ಇವತ್ತು ಅಡ್ಡವೋ ಉದ್ದವೋ ಎಂಬ ಪ್ರಶ್ನೆಗೆ ಉತ್ತರ ಕೊಡದೆ, ಮಗ್ಗೆಯವರೊಬ್ಬರಿಂದ ನಂಬರ್ ಹುಡುಕಿ ಚಂದ್ರಪ್ಪನವರಿಗೆ ಫೋನ್ ಮಾಡಿದೆ. ಕೆಲಸ ಬಿಟ್ಟು ಮನೆಯಲ್ಲಿದ್ದರು. ಕುಶಲ ಕೇಳಿದ ಮೇಲೆ, ಆ ಹದಿನೇಳು ಗಿಡಗಳ ತಪ್ಪು ಕಂಪ್ಯೂಟರಿನದಲ್ಲ, ನನ್ನದು ಎಂದೆ.

ಅವರು ನಕ್ಕರು. “ಅದು ಅವತ್ತೇ ಗೊತ್ತಿತ್ತು ಕಣಮ್ಮ. ಕಂಪ್ಯೂಟರ್ ತಪ್ಪಾಗಿದ್ರೆ ನೀವ್ಯಾಕೆ ಒಂದೇ ಚಪ್ಲೀಲಿ ಅಷ್ಟು ದೂರ ಓಡ್ಬರ್ತಿದ್ರಿ?”