ವಾಡಿಕೆಗಿಂತ ಕಡಿಮೆ ಮಳೆಯೂ ಅತ್ತೆಯ ಶಾವಿಗೆಯೂ

ಹವಾಮಾನದ ಬಗ್ಗೆ ನನಗೆ ಖಚಿತವಾಗಿ ತಿಳಿದಿರುವುದು ಒಂದೇ: ಮಳೆ ಬಂದರೆ ತೊಯ್ಯುತ್ತೇವೆ. ಇದನ್ನೂ ನಾನು ನಡುವಯಸ್ಸು ದಾಟಿದ ಮೇಲೆ ಕಲಿತೆ, ಅದೂ ಮನೆಯೊಳಗೆ ನಿಂತು.

ಆಗ ನಾನು ಸುರಪುರದಿಂದ ದಿನಾ ಬಸ್ಸಿನಲ್ಲಿ ಶಹಾಪುರದ ಕಚೇರಿಗೆ ಹೋಗಿ ಬರುತ್ತಿದ್ದ ಗುಮಾಸ್ತ. ಕಚೇರಿಯಲ್ಲಿ ನನ್ನ ಮಾತು ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಮಾತೆಲ್ಲ ಓಣಿಯ ಕಟ್ಟೆಗೆ ಮೀಸಲಾಗಿತ್ತು. ಆ ವರ್ಷ ಬೇಸಿಗೆಯ ಮುನ್ಸೂಚನೆ ಮೊಬೈಲಿಗೆ ಬಂತು: ಮೇ ಮುಗಿಯುವವರೆಗೆ ಮಳೆ ವಾಡಿಕೆಗಿಂತ ಕಡಿಮೆ, ಬಿಸಿಲು ವಾಡಿಕೆಗಿಂತ ಹೆಚ್ಚು. ಮೋಡಗಳಿಗೆ ರಜೆ ಮಂಜೂರು ಮಾಡಿದವನೇ ನಾನು ಎಂಬ ಗತ್ತಿನಲ್ಲಿ ಅದನ್ನು ಎಲ್ಲರಿಗೂ ಓದಿ ಹೇಳಿದೆ.

ಪಕ್ಕದ ಮನೆ ನನ್ನ ಸೋದರತ್ತೆಯದು, ಮೇಲೆ ಮಣ್ಣು ಹಾಸಿದ ಹಳೆಯ ಮಾಳಿಗೆ. ಮಳೆಗೆ ಸೋರದಿರಲೆಂದು ಪ್ರತಿ ವರ್ಷ ಯುಗಾದಿಗೆ ಮೊದಲೇ ಹೊಸ ಮಣ್ಣು ತರಿಸಿ ಮಾಳಿಗೆಯ ಮೇಲೆ ಹಾಸಿ ತುಳಿಸಿದ ನಂತರವೇ ಆಕೆ ಶಾವಿಗೆಗೆ ಕೈ ಹಚ್ಚುವುದು. ಎರಡೂ ಕೆಲಸಕ್ಕೆ ಓಣಿಯ ಹೆಂಗಸರು ಮುಯ್ಯಿಯ ಮೇಲೆ ಬರುವರು: ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಆ ವರ್ಷ ಅತ್ತೆಯ ಮೊಮ್ಮಗಳ ಮದುವೆ. ಮದುಮಗಳ ಜೊತೆ ಗುರುಮಠಕಲ್ ಬೀಗರ ಮನೆಗೆ ಶಾವಿಗೆಯ ಬುಟ್ಟಿ ಹೋಗಬೇಕು. ಅಲ್ಲಿ ಬುಟ್ಟಿ ತೆರೆದಾಗ ಎಳೆ ಬೆಳ್ಳಗಿರದಿದ್ದರೆ ಕೊಂಕು ಮಾತು ಹುಡುಗಿಗೇ ತಗಲುತ್ತದೆ.

“ತಮ್ಮಾ, ಮದ್ಲ ಮಾಳಗಿಗಿ ಮಣ್ಣ ಹಾಕಸ್ಲ್ಯೋ, ಶಾವಿಗಿ ಮಾಡಸ್ಲ್ಯೋ?” ಮದುವೆಯ ಗಡಿಬಿಡಿಯಲ್ಲಿ ಅತ್ತೆ ಕೇಳಿದಳು.

ನನ್ನನ್ನು ಅಷ್ಟು ದೊಡ್ಡ ಪ್ರಶ್ನೆ ಯಾರೂ ಕೇಳಿರಲಿಲ್ಲ. “ಶಾವಿಗಿ ಮಾಡಸು ಅತ್ತಿ. ಈ ಸಲ ಮಳಿ ಕಡಿಮಿ ಅದ. ಮಣ್ಣ ರೋಹಿಣಿ ಮಳಿ ಹೊತ್ತಿಗಿ ಹಾಕಿದ್ರ ಆತು.”

“ನಡಕ ಅಶ್ವಿನಿ ಮಳಿ ಅದಲ್ಲೋ?”

“ಅದೆಲ್ಲಾ ಅಜ್ಜನ ಕಾಲದ ಮಾತು.”

“ಹೌದು, ನಿಮ್ಮಜ್ಜನ ಹಂತ್ಯಾಕ ಮೊಬೈಲ್ ಇದ್ದಿಲ್ಲ. ಮಾಳಗೀನೂ ಸೋರ್ತಿದ್ದಿಲ್ಲ.”

ಹಾಗೆಂದರೂ, ನೌಕರಿ ಮಾಡುವ ಅಳಿಯನ ಮಾತು ಎಂದು ಶಾವಿಗೆಯನ್ನೇ ಮೊದಲು ಮಾಡಿಸಿದಳು.

ಯುಗಾದಿ ಕಳೆದಿತ್ತು. ಶಾವಿಗೆ ಮಾಳಿಗೆಯ ಮೇಲೆ ಕೋಲುಗಳಿಂದ ಇಳಿಬಿದ್ದು ಒಣಗುತ್ತಿತ್ತು. ಒಂದು ಸಂಜೆ ನಾನು ಬಸ್ಸಿಳಿದು ಬರುವಾಗ ಪಡುವಣದಲ್ಲಿ ಮೋಡ ಕರ್ರಗೆ ಕಟ್ಟಿತ್ತು. ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಎದುರು ಮನೆಯ ಖಾಲಾ ಅತ್ತೆಯ ಮಾಳಿಗೆಯಿಂದ ಅವಸರವಾಗಿ ಕೋಲುಗಳನ್ನು ಇಳಿಸುತ್ತಿದ್ದಳು.

“ಬರೇ ಮಾಡ, ಖಾಲಾ. ಗಾಬರಿ ಆಗಬ್ಯಾಡ್ರಿ,” ಎಂದೆ ಕೆಳಗಿನಿಂದಲೇ. ಆಕೆ ಕೇಳಿಸಿಕೊಳ್ಳಲಿಲ್ಲ. ಎಲ್ಲ ಕೋಲು ಪಡಸಾಲೆ ಸೇರಿದ ಮೇಲೆ ಮಳೆ ಹೊಡೆಯಿತು, ಆಣೆಕಲ್ಲಿನ ಸಮೇತ. ಹೊರಗಿನ ಮಳೆ ಅರ್ಧ ಗಂಟೆಗೆ ನಿಂತಿತು. ಪಡಸಾಲೆಯ ಮಳೆ ನಿಲ್ಲಲಿಲ್ಲ.

ನಾನು ಓಡಿಹೋಗಿ ಛತ್ರಿ ತಂದು ಒಂದು ಕೋಲಿನ ಮೇಲೆ ಹಿಡಿದೆ. ಹನಿ ಪಕ್ಕದ ಕೋಲಿನ ಮೇಲೆ ಬಿತ್ತು. ಛತ್ರಿಯನ್ನು ಅತ್ತ ವಾಲಿಸಿದೆ. ಅದರ ಅಂಚಿನ ರಾಡಿ ನೀರು ಎರಡೂ ಕೋಲುಗಳಿಗೆ ಸಮನಾಗಿ ಇಳಿಯಿತು.

“ಸಾಹೇಬ್ರ, ಛತ್ರಿ ಬಿಡ್ರಿ, ಮೊಬೈಲ್ ಹಿಡೀರಿ,” ಎಂದಳು ಖಾಲಾ. “ಅದರಾಗ ಮಳಿ ಇಲ್ಲಂತಲ್ಲ.”

ಅತ್ತೆ ನಗಲಿಲ್ಲ. ಮಣ್ಣಿನ ಬಣ್ಣಕ್ಕೆ ತಿರುಗಿದ್ದ ಒಂದು ಎಳೆಯನ್ನು ಕೈಯಲ್ಲಿ ಹಿಡಿದು, “ಇದನ್ನ ಬೀಗರ ಮನಿಗಿ ಹ್ಯಾಂಗ ಕಳಸ್ಲಿ?” ಎಂದಳು. ಮದುವೆಗೆ ಎರಡು ವಾರವೂ ಇರಲಿಲ್ಲ.

“ಯಾದಗಿರಿ ಪ್ಯಾಟ್ಯಾಗ ಚಲೋ ಶಾವಿಗಿ ಸಿಗ್ತಾವ, ನಾ ತರ್ತೀನಿ.”

“ಪ್ಯಾಟಿ ಶಾವಿಗಿ ಕೊಟ್ಟು ಹುಡುಗೀನ್ನ ಕಳಸೋ ಮಂದಿ ಆದ್ವೇನು ನಾವು?”

ಮತ್ತೊಮ್ಮೆ ಮಾಡಿಸಲು ಹೆಂಗಸರನ್ನು ಕರೆಯಬಹುದಿತ್ತು. ಆದರೆ ಎರಡನೆಯ ಸಲ ಕರೆದರೆ ಎರಡನೆಯ ಸಲ ಮುಯ್ಯಿ ತಿರುಗಿಸಬೇಕು. ಅತ್ತೆಯ ಮೊಣಕಾಲಿಗೆ ಮೊದಲನೆಯದೇ ಭಾರವಾಗಿತ್ತು. ತೀರ್ಪು ಕೊಟ್ಟವಳು ಖಾಲಾ: “ನಾವು ಬರ್ತೀವಿ ಅಕ್ಕಾ. ಈ ಮುಯ್ಯಿ ಸಾಹೇಬ್ರು ತಿರಗಸ್ಲಿ.”

ಮರುದಿನ ರಜೆ ಹಾಕಿ ಮಾಳಿಗೆಗೆ ಮಣ್ಣು ಹೊತ್ತೆ. ನಾಲ್ಕನೆಯ ಬುಟ್ಟಿಗೇ ನಾನು ಕೂತದ್ದನ್ನು ಅತ್ತೆ ಇಂದಿಗೂ ನೆಂಟರಿಗೆಲ್ಲ ಹೇಳುತ್ತಾಳೆ. ಮಣ್ಣು ತುಳಿದು ಗಟ್ಟಿಯಾದ ಮೇಲೆ ಹೆಂಗಸರು ಮತ್ತೆ ಶಾವಿಗೆ ಮಾಡಿದರು. ಬಿಸಿಲು ಎಷ್ಟಿತ್ತೆಂದರೆ ಎರಡೇ ದಿನಕ್ಕೆ ಎಳೆಗಳು ಗರಿಗರಿಯಾದವು. ಬುಟ್ಟಿ ಹುಡುಗಿಯ ಜೊತೆ ಗುರುಮಠಕಲ್ಲಿಗೆ ಹೋಯಿತು.

ಆಮೇಲೆ ನನ್ನ ಮುಯ್ಯಿ. ನಾಲ್ಕು ಭಾನುವಾರ, ನಾಲ್ಕು ಅಂಗಳ. ಶಾವಿಗೆ ಮಿಶನ್ನಿನ ಹಿಡಿಕೆ ತಿರುಗಿಸುತ್ತ ಬೆವರಿನಲ್ಲಿ ನೆನೆದೆ. ಆ ಒಂದು ಸಂಜೆಯ ನಂತರ ಇಡೀ ಬೇಸಿಗೆ ಹನಿ ಬೀಳಲಿಲ್ಲ. ಮುನ್ಸೂಚನೆಯಲ್ಲಿ ತಪ್ಪೇನೂ ಇರಲಿಲ್ಲ. ಕಡಿಮೆ ಎಂಬುದನ್ನು ಇಲ್ಲ ಎಂದು ಓದಿದ ಜಾಣ ಮಾತ್ರ ನಾನು. ಬಿಸಿಲು ಹೆಚ್ಚು ಎಂದದ್ದಕ್ಕೆ ನನ್ನ ಬೆನ್ನೇ ಸಾಕ್ಷಿ.

ತವರಿಗೆ ಬಂದ ಹುಡುಗಿಯನ್ನು ಅತ್ತೆ ಮೊದಲು ಕೇಳಿದ್ದು ಬುಟ್ಟಿಯ ಸುದ್ದಿ.

“ಬೆಳ್ಳಗ ಆಗ್ಯಾವ ಅಂದ್ರು. ಯಾರ್ಯಾರು ಮಾಡೀರಿ ಅಂತ ಕೇಳಿದ್ರು,” ಎಂದಳು ಹುಡುಗಿ. ಅತ್ತೆಯ ಮುಖ ಸಡಿಲವಾಯಿತು. ಹುಡುಗಿ ನನ್ನತ್ತ ತಿರುಗಿದಳು: “ನಮ್ಮ ಮಾವನೂ ಮಣ್ಣ ಹೊತ್ತಾನ ಅಂದೆ.”

“ಅದಕ್ಕೇನಂದ್ರು?” ನಾನು ಆಸೆಯಿಂದ ಕೇಳಿದೆ.

“ಶಾವಿಗ್ಯಾಗ ಮಣ್ಣ ಯಾಕ ಬೇಕಾತು ಅಂದ್ರು.”